ದೇಶದ ಗೋಧಿ ಲೆಕ್ಕವನ್ನು ಓದುವುದು ಹೇಗೆ?

ಬೆಂಗಳೂರಿಗೆ ಬರುವ ಗೋಧಿಯ ಬಹುಪಾಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದಂತಹ ದೂರದ ರಾಜ್ಯಗಳದ್ದು. ಇಲ್ಲಿನ ಹಿಟ್ಟಿನ ಗಿರಣಿಗಳಲ್ಲಿ ಅದು ಮೈದಾ, ಚಿರೋಟಿ ರವೆ, ಗೋಧಿ ಹಿಟ್ಟು ಮತ್ತು ಬೂಸಾ ಆಗಿ ಬೇರ್ಪಡುತ್ತದೆ. ಕರ್ನಾಟಕದ ಪಡಿತರದಲ್ಲಿ ಅಕ್ಕಿಯೇ ಪ್ರಧಾನವಾಗಿದ್ದು, ಅದರ ಜೊತೆಗೆ ರಾಗಿ ಅಥವಾ ಜೋಳ ಸಿಗುತ್ತದೆ. ಆದ್ದರಿಂದ ನಮ್ಮ ಬೇಕರಿಯವರೂ ಗೃಹಿಣಿಯರೂ ಗೋಧಿಯನ್ನು ಮುಕ್ತ ಮಾರುಕಟ್ಟೆಯ ದರದಲ್ಲೇ ಕೊಳ್ಳಬೇಕಾಗುತ್ತದೆ. ರಫ್ತು ನಿಷೇಧ, ಆಮದು ಸುಂಕ, ದಾಖಲೆ ಇಳುವರಿ ಎಂಬ ಸುದ್ದಿಗಳು ಪತ್ರಿಕೆಯಲ್ಲಿ ಬಂದಾಗ ಅವುಗಳನ್ನು ಒಂದೇ ಲೆಕ್ಕಕ್ಕೆ ತಂದು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೆಜ್ಜೆ 1: ವರ್ಷ ಮತ್ತು ಅಳತೆಯನ್ನು ಹೊಂದಿಸಿಕೊಳ್ಳಿ

ಚಳಿಗಾಲದಲ್ಲಿ ಬಿತ್ತಿ 2025ರ ಮಾರ್ಚ್–ಏಪ್ರಿಲ್‌ನಲ್ಲಿ ಕೊಯ್ಲಾದ ಗೋಧಿಯನ್ನು ಕೃಷಿ ಸಚಿವಾಲಯವು 2024–25ರ ಉತ್ಪಾದನೆ ಎಂದು ದಾಖಲಿಸುತ್ತದೆ. ಅದೇ ಗೋಧಿಯ ಸರ್ಕಾರಿ ಖರೀದಿಯು ಆಹಾರ ಇಲಾಖೆಯ ಕಡತದಲ್ಲಿ 2025–26ರ ಹಿಂಗಾರು ಮಾರಾಟ ಹಂಗಾಮಿಗೆ ಸೇರುತ್ತದೆ. ಇದನ್ನು ಗಮನಿಸದೆ ಎರಡು ಬೇರೆ ಬೆಳೆಗಳನ್ನು ಹೋಲಿಸಿ ತೀರ್ಮಾನಕ್ಕೆ ಬರುವವರು ಬಹಳ. ಇನ್ನು ಅಳತೆಯ ಮಾತು: ವಿದೇಶಿ ವರದಿಗಳ ಒಂದು ಮಿಲಿಯನ್ ಟನ್ ಎಂದರೆ ನಮ್ಮ 10 ಲಕ್ಷ ಟನ್, ಮಂಡಿಯ ದರ ಮಾತ್ರ ಕ್ವಿಂಟಲ್‌ನಲ್ಲಿರುತ್ತದೆ.

ಹೆಜ್ಜೆ 2: ಉತ್ಪಾದನೆಗಿಂತ ಮೊದಲು ಖರೀದಿಯನ್ನು ನೋಡಿ

ಈ ಲೆಕ್ಕದ ಜೀವಾಳ ಇದು. 2022ರ ಫೆಬ್ರುವರಿಯಲ್ಲಿ ಸರ್ಕಾರ ಸುಮಾರು 1,113 ಲಕ್ಷ ಟನ್ ಇಳುವರಿಯನ್ನು ಅಂದಾಜಿಸಿತ್ತು. ಮಾರ್ಚ್‌ನಲ್ಲಿ ಕಾಳು ಕಟ್ಟುವ ಹೊತ್ತಿಗೆ ಉತ್ತರ ಭಾರತವನ್ನು ಬಿಸಿಗಾಳಿ ಆವರಿಸಿತು. ಕೊನೆಯ ಅಂದಾಜು 1,077 ಲಕ್ಷ ಟನ್ನಿಗೆ ಇಳಿಯಿತು. ಕಾಗದದ ಮೇಲೆ ಕುಸಿತ ಹೆಚ್ಚೇನೂ ಅಲ್ಲ. ಆದರೆ ಹಿಂದಿನ ಹಂಗಾಮಿನಲ್ಲಿ 433 ಲಕ್ಷ ಟನ್ ಇದ್ದ ಸರ್ಕಾರಿ ಖರೀದಿ ಆ ಸಲ 188 ಲಕ್ಷ ಟನ್ನಿಗೆ ಬಿದ್ದಿತು. ಫೆಬ್ರುವರಿ ಕೊನೆಯಲ್ಲಿ ಆರಂಭವಾದ ರಷ್ಯಾ–ಉಕ್ರೇನ್ ಯುದ್ಧದಿಂದ ವಿಶ್ವ ಮಾರುಕಟ್ಟೆಯ ಬೆಲೆ ಏರಿದ್ದರಿಂದ, ಕ್ವಿಂಟಲ್‌ಗೆ ₹2,015 ಇದ್ದ ಬೆಂಬಲ ಬೆಲೆಗಿಂತ ಹೆಚ್ಚು ಕೊಟ್ಟು ಖಾಸಗಿ ವರ್ತಕರು ಕೊಂಡರು, ರೈತರು ಅವರಿಗೇ ಮಾರಿದರು.

2021–22ರಲ್ಲಿ ಸುಮಾರು 70 ಲಕ್ಷ ಟನ್ ಗೋಧಿಯನ್ನು ಹೊರದೇಶಗಳಿಗೆ ಕಳುಹಿಸಿದ್ದ ದೇಶ 2022ರ ಮೇ 13ರಂದು ದಿಢೀರನೆ ರಫ್ತನ್ನು ನಿಲ್ಲಿಸಿದ್ದರ ಹಿಂದೆ ಹೊಲದ ಇಳುವರಿಗಿಂತ ಗೋದಾಮಿನ ಚಿಂತೆಯೇ ದೊಡ್ಡದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಹೊಲದಲ್ಲಿ ಎಷ್ಟೇ ಬೆಳೆದರೂ ಪಡಿತರಕ್ಕೆ ಹಂಚಬೇಕಾದದ್ದು ಸರ್ಕಾರದ ಕೈಯಲ್ಲಿರುವ ಧಾನ್ಯ ಮಾತ್ರ. ಅದೇ ವರ್ಷದ ಆಗಸ್ಟ್‌ನಲ್ಲಿ ಗೋಧಿ ಹಿಟ್ಟು, ಮೈದಾ, ರವೆಗಳ ರಫ್ತಿಗೂ ನಿರ್ಬಂಧ ಬಂತು.

ಹೆಜ್ಜೆ 3: ಗೋದಾಮಿನ ಲೆಕ್ಕವನ್ನು ನೀವೇ ಹಾಕಿ

ಭಾರತೀಯ ಆಹಾರ ನಿಗಮವು ಕೇಂದ್ರ ದಾಸ್ತಾನಿನ ಅಂಕಿಗಳನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. 2023–24ನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆ ವರ್ಷದ ಏಪ್ರಿಲ್ 1ರಂದು ಸುಮಾರು 83 ಲಕ್ಷ ಟನ್ ದಾಸ್ತಾನು ಇತ್ತು, ಖರೀದಿಯಿಂದ 262 ಲಕ್ಷ ಟನ್ ಸೇರಿತು. ಈ 345 ಲಕ್ಷ ಟನ್ನಿನಲ್ಲಿ ಪಡಿತರ ಮತ್ತಿತರ ಕಲ್ಯಾಣ ಯೋಜನೆಗಳಿಗೆ ವರ್ಷಕ್ಕೆ ಬೇಕಾದ ಸುಮಾರು 184 ಲಕ್ಷ ಟನ್ನನ್ನು ಕಳೆಯಿರಿ. ಬೆಲೆ ತಗ್ಗಿಸಲು ಗಿರಣಿಗಳಿಗೆ ಇ–ಹರಾಜಿನಲ್ಲಿ ಮಾರಿದ 90 ಲಕ್ಷ ಟನ್ನಿಗೂ ಮಿಕ್ಕ ಗೋಧಿಯನ್ನೂ ಕಳೆದರೆ 70 ಲಕ್ಷ ಟನ್ನಿನ ಆಸುಪಾಸು ಉಳಿಯಬೇಕು. 2024ರ ಏಪ್ರಿಲ್ 1ರಂದು ವಾಸ್ತವವಾಗಿ ಉಳಿದದ್ದು ಸುಮಾರು 75 ಲಕ್ಷ ಟನ್. ಆ ದಿನಕ್ಕೆ ಇರಲೇಬೇಕೆಂದು ಸರ್ಕಾರವೇ ನಿಗದಿಪಡಿಸಿದ ಕಾಪು ದಾಸ್ತಾನು 74.6 ಲಕ್ಷ ಟನ್. ಅಂಚಿನಲ್ಲಿ ನಿಂತ ಇಂಥ ವರ್ಷದಲ್ಲಿ ರಫ್ತು ತೆರೆಯುತ್ತದೆಂದು ಯಾರಾದರೂ ಹೇಳಿದ್ದರೆ ಅದನ್ನು ನಂಬುವ ಅಗತ್ಯವಿರಲಿಲ್ಲ. 2025ರ ಹಂಗಾಮಿನಲ್ಲಿ ಬೆಂಬಲ ಬೆಲೆ ₹2,425ಕ್ಕೆ ಏರಿ ಖರೀದಿ 300 ಲಕ್ಷ ಟನ್ನಿಗೆ ಮರಳಿದ ಮೇಲೆಯೇ ಉಸಿರಾಡುವಷ್ಟು ಅವಕಾಶ ದೊರೆಯಿತು.

ಹೆಜ್ಜೆ 4: ಬೇಡಿಕೆಯ ಅಂಕಿಯನ್ನು ಅನುಮಾನದಿಂದ ನೋಡಿ

ದೇಶದಲ್ಲಿ ಒಟ್ಟು ಎಷ್ಟು ಗೋಧಿ ಬಳಕೆಯಾಗುತ್ತದೆಂದು ಯಾರೂ ನೇರವಾಗಿ ಅಳೆಯುವುದಿಲ್ಲ. ಉತ್ಪಾದನೆಗೆ ಆರಂಭದ ದಾಸ್ತಾನನ್ನೂ ಆಮದನ್ನೂ ಸೇರಿಸಿ, ರಫ್ತನ್ನೂ ಕೊನೆಯ ದಾಸ್ತಾನನ್ನೂ ಕಳೆದಾಗ ಉಳಿಯುವುದಕ್ಕೆ ಬಳಕೆ ಎಂದು ಹೆಸರಿಡಲಾಗುತ್ತದೆ. ಉತ್ಪಾದನೆಯ ಅಂದಾಜು ಉಬ್ಬಿದ್ದರೆ ಬಳಕೆಯೂ ತಾನಾಗಿಯೇ ಉಬ್ಬಿ ಕಾಣುತ್ತದೆ. ಬಿತ್ತನೆ ಬೀಜ, ಸಾಗಣೆಯ ನಷ್ಟ, ಮೆಕ್ಕೆಜೋಳ ತುಟ್ಟಿಯಾದಾಗ ಕೋಳಿ ಆಹಾರಕ್ಕೆ ಹೋಗುವ ಗೋಧಿ ಎಲ್ಲವೂ ಇದರೊಳಗೇ ಸೇರಿರುತ್ತವೆ.

ಬೇಡಿಕೆಯ ಸ್ವರೂಪವೂ ಬದಲಾಗಿದೆ. ಕುಟುಂಬಗಳ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಗ್ರಾಮೀಣ ಮನೆಗಳ ಖರ್ಚಿನಲ್ಲಿ ಧಾನ್ಯದ ಪಾಲು 2011–12ರಲ್ಲಿ ಶೇ 10ಕ್ಕೂ ಹೆಚ್ಚಿದ್ದುದು 2022–23ರ ಹೊತ್ತಿಗೆ ಶೇ 5ರ ಸುತ್ತಮುತ್ತ ಬಂದಿತ್ತು. ಇದರರ್ಥ ಗೋಧಿಯ ಬೇಡಿಕೆ ಅರ್ಧವಾಯಿತೆಂದಲ್ಲ. ಖರ್ಚಿನ ಒಟ್ಟು ಮೊತ್ತವೇ ಬೆಳೆದಿದೆ. ಬಿಸ್ಕತ್ತು, ಹೋಟೆಲಿನ ಪರೋಟಗಳ ರೂಪದಲ್ಲಿ ಒಳಗೆ ಹೋಗುವ ಮೈದಾ ಸಮೀಕ್ಷೆಯ ಧಾನ್ಯದ ಕಲಂನಲ್ಲಿ ಕಾಣುವುದಿಲ್ಲ, ಗಿರಣಿಯ ಲೆಕ್ಕದಲ್ಲಿ ಕಾಣುತ್ತದೆ.

ಹೆಜ್ಜೆ 5: ಬಂದರಿನ ಬೆಲೆಯನ್ನು ಮಂಡಿಯ ಬೆಲೆಯೊಂದಿಗೆ ಹೋಲಿಸಿ

ದಕ್ಷಿಣದ ಗಿರಣಿಗಳಿಗೆ ಪಂಜಾಬಿನಿಂದ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ ರೈಲಿನಲ್ಲಿ ತರುವುದಕ್ಕಿಂತ ತೂತ್ತುಕುಡಿಗೆ ಹಡಗಿನಲ್ಲಿ ಬರುವ ಗೋಧಿಯೇ ಕೆಲವು ಸಲ ಅಗ್ಗ. 2016ರ ಡಿಸೆಂಬರ್‌ನಲ್ಲಿ ಆಮದು ಸುಂಕವನ್ನು ತೆಗೆದ ವರ್ಷ ದೇಶಕ್ಕೆ 50 ಲಕ್ಷ ಟನ್ನಿಗೂ ಹೆಚ್ಚು ಗೋಧಿ ಬಂದದ್ದು ಇದಕ್ಕೆ ಸಾಕ್ಷಿ. ಆಮೇಲೆ ಸುಂಕ ಹಂತಹಂತವಾಗಿ ಏರಿ 2019ರಲ್ಲಿ ಶೇ 40 ತಲುಪಿತು. ಹಡಗಿನ ಬಾಡಿಗೆ ಸೇರಿ ಟನ್ನಿಗೆ 250 ಡಾಲರ್, ಡಾಲರಿಗೆ ₹84 ಎಂದು ಇಟ್ಟುಕೊಂಡರೆ ಕ್ವಿಂಟಲ್‌ಗೆ ₹2,100 ಆಗುತ್ತದೆ. ಶೇ 40 ಸುಂಕ ಸೇರಿಸಿದರೆ ಅದು ₹2,940. ಬಂದರಿನ ಖರ್ಚು, ಬೆಂಗಳೂರಿನವರೆಗಿನ ಲಾರಿ ಬಾಡಿಗೆ ಇನ್ನೂ ಬಾಕಿ. ಇವನ್ನೆಲ್ಲ ಕೂಡಿಸಿದ ಮೊತ್ತವು ಇಲ್ಲಿನ ಗಿರಣಿ ಬಾಗಿಲಿನ ದರಕ್ಕಿಂತ ಹೆಚ್ಚಿರುವವರೆಗೆ ಆಮದಿನ ಸುದ್ದಿ ಬರೀ ಸುದ್ದಿಯೇ. ಸುಂಕ ಇಳಿಸಿ ಎಂಬ ಗಿರಣಿದಾರರ ಬೇಡಿಕೆಯನ್ನು ಉತ್ತರ ಭಾರತದ ರೈತರು ಒಪ್ಪದಿರುವುದಕ್ಕೂ ಇದೇ ಲೆಕ್ಕ ಕಾರಣ.

ಹೆಜ್ಜೆ 6: ಅಧಿಸೂಚನೆಗಳ ದಿನಾಂಕವನ್ನು ಬರೆದಿಡಿ

ರಫ್ತಿನ ನಿಯಮಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ದಾಸ್ತಾನು ಮಿತಿಗೆ ಆಹಾರ ಇಲಾಖೆಯ ಆದೇಶವನ್ನು ನೋಡಬೇಕು. 2023ರ ಜೂನ್‌ನಲ್ಲಿ ಸಗಟು ವರ್ತಕರಿಗೆ 3,000 ಟನ್, ಚಿಲ್ಲರೆ ಮಳಿಗೆಗೆ 10 ಟನ್ ಮಿತಿ ವಿಧಿಸಲಾಯಿತು. ಇಂಥ ಮಿತಿ ಬಿಗಿಯಾಗುತ್ತಿದ್ದರೆ ರಫ್ತು ಸಡಿಲವಾಗುವ ಸಂಭವ ಕಡಿಮೆ.

ಬೆಂಗಳೂರಿನ ಖರೀದಿದಾರರು ಇನ್ನೊಂದನ್ನು ಗಮನಿಸಬೇಕು. ಮೇಲಿನ ಲೆಕ್ಕವೆಲ್ಲ ಚಪಾತಿ, ಮೈದಾಗಳಿಗೆ ಬಳಸುವ ಸಾಮಾನ್ಯ ಗೋಧಿಗೆ ಸಂಬಂಧಿಸಿದ್ದು. ಬನ್ಸಿ ರವೆಗೆ ಬಳಸುವ ಗಟ್ಟಿ ಗೋಧಿಯೂ ಬೆಳಗಾವಿ, ಧಾರವಾಡ ಸೀಮೆಯ ಜವೆ ಗೋಧಿಯೂ ಬೇರೆ ತಳಿಗಳು. ಅವುಗಳ ದರವನ್ನು ದೆಹಲಿಯ ಮಂಡಿ ದರದಿಂದ ಊಹಿಸದೆ ಯಶವಂತಪುರ ಮಾರುಕಟ್ಟೆಯಲ್ಲಿ ಪ್ರತ್ಯೇಕವಾಗಿ ವಿಚಾರಿಸುವುದು ಒಳ್ಳೆಯದು.