ಹಂಚಿದ ಡೇಟಾ ಯಾರ ಕೈ ಸೇರಿತು, ಏನಾಯಿತು? ಲೆಕ್ಕ ಹಾಕುವುದು ಹೀಗೆ

ವಲಸೆ ಬಂದವರ ಬಗ್ಗೆ ಜನ ಏನಂತಾರೆ ಅಂತ ದೊಡ್ಡ ಸಮೀಕ್ಷೆ ಮಾಡಿದಿರಿ. ಹೆಸರು, ವಿಳಾಸ ತೆಗೆದುಹಾಕಿ, ಯಾರು ಬೇಕಾದರೂ ಬಳಸಲಿ ಎಂದು ಡೇಟಾವನ್ನು ಆರ್ಕೈವ್‌ಗೆ, ಅಂದರೆ ಡೇಟಾ ಕಾದಿಟ್ಟು ಹಂಚುವ ಸಂಗ್ರಹಕ್ಕೆ, ಕೊಟ್ಟಿರಿ. ಸ್ವಲ್ಪ ಕಾಲದ ಮೇಲೆ ಹಣ ಕೊಟ್ಟವರು ಕೇಳುತ್ತಾರೆ: ‘ಇದರಿಂದ ಏನಾಯಿತು?’ ಡೌನ್‌ಲೋಡ್ ಸಂಖ್ಯೆ ತೋರಿಸಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಅದು ಸಾಲದು.

ಮೊದಲ ಹೆಜ್ಜೆ, ಗುರುತು. ಡೇಟಾಸೆಟ್‌ಗೆ ಡಿಒಐ ಎಂಬ ಕಾಯಂ ಗುರುತಿನ ಸಂಖ್ಯೆ ಇರಬೇಕು. 2009ರಲ್ಲಿ ಶುರುವಾದ ಡೇಟಾಸೈಟ್ ಸಂಸ್ಥೆಯ ಮೂಲಕ ಅನೇಕ ಆರ್ಕೈವ್‌ಗಳು ಇದನ್ನು ಕೊಡುತ್ತವೆ. ‘ಹೀಗೆ ಉಲ್ಲೇಖಿಸಿ’ ಎಂಬ ಸಾಲು ಡೌನ್‌ಲೋಡ್ ಬಟನ್ ಪಕ್ಕದಲ್ಲೇ ಇರಲಿ. ಹೊಸ ಆವೃತ್ತಿಗೆ ಬೇರೆ ಡಿಒಐ ಸಿಕ್ಕಿದ್ದರೆ, ಎಣಿಸುವಾಗ ಎಲ್ಲವನ್ನೂ ಕೂಡಿಸಿ.

ಎರಡನೆಯದು ಡೌನ್‌ಲೋಡ್. ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ತಾವಾಗಿಯೇ ಜಾಲತಾಣ ಜಾಲಾಡುವ ರೋಬಾಟ್ ಪ್ರೋಗ್ರಾಂಗಳ ಭೇಟಿ, ಒಬ್ಬರೇ ಎರಡೆರಡು ಸಲ ಒತ್ತಿದ ಕ್ಲಿಕ್ಕು ಕಳೆಯಿರಿ. ಉಳಿದದ್ದು ಆಸಕ್ತಿಯ ಅಂದಾಜು, ಅಷ್ಟೇ. ಇಳಿಸಿಕೊಂಡವರೆಲ್ಲ ಫೈಲ್ ತೆರೆದು ನೋಡುತ್ತಾರೆ ಅಂತೇನಿಲ್ಲ ಅಲ್ವಾ?

ನಿಜವಾದ ಕೆಲಸ ಮೂರನೆಯದು: ಬಳಸಿದವರನ್ನು ಹುಡುಕುವುದು. ಬರೀ ಡಿಒಐ ಹಾಕಿ ಹುಡುಕಿದರೆ ಎಷ್ಟೋ ಲೇಖನ ಕೈತಪ್ಪುತ್ತವೆ. ಅನೇಕರು ಡೇಟಾವನ್ನು ಆಕರಪಟ್ಟಿಗೆ ಸೇರಿಸದೆ, ವಿಧಾನದ ಭಾಗದಲ್ಲಿ ಸಮೀಕ್ಷೆಯ ಹೆಸರು ಬರೆದು ಸುಮ್ಮನಾಗುತ್ತಾರೆ. ಹಾಗಾಗಿ ಪೂರ್ತಿ ಹೆಸರು, ಚಿಕ್ಕ ಹೆಸರು, ಮಾಮೂಲಿ ಕಾಗುಣಿತ ತಪ್ಪು ಎಲ್ಲ ಹಾಕಿ ಹುಡುಕಿ. ಇನ್ನೊಂದು ಉಪಾಯ ಇದೆ: ಡೇಟಾದ ಕಾಲಂ ಹೆಸರನ್ನೇ ಹುಡುಕುವುದು. ಉದಾಹರಣೆಗೆ, ಯುರೋಪಿನ ಹಲವು ದೇಶಗಳಲ್ಲಿ ಜನರ ಅಭಿಪ್ರಾಯ ಕೇಳುವ ಯುರೋಪಿಯನ್ ಸೋಷಿಯಲ್ ಸರ್ವೆ 2002ರ ಮೊದಲ ಸುತ್ತಿನಿಂದಲೂ ವಲಸೆ ಬಗ್ಗೆ ಕೇಳುತ್ತಿದೆ. 2014ರ ಸುತ್ತಿನಲ್ಲಿ ಇದಕ್ಕೆಂದೇ ವಿಶೇಷ ಪ್ರಶ್ನೆಗಳಿದ್ದವು. ಹೊರಗಿನವರು ಬರುವುದು ದೇಶದ ಆರ್ಥಿಕತೆಗೆ ಕೆಟ್ಟದ್ದೋ ಒಳ್ಳೆಯದೋ ಎಂಬುದಕ್ಕೆ 0ರಿಂದ 10ರೊಳಗೆ ಅಂಕ ಕೊಡಬೇಕು. ಆ ಉತ್ತರದ ಕಾಲಂ ಹೆಸರು ‘ಐಎಂಬಿಜಿಇಸಿಒ’ (imbgeco). ಇಷ್ಟು ವಿಚಿತ್ರ ಹೆಸರನ್ನು ಬೇರೆ ಯಾರೂ ಆಕಸ್ಮಿಕವಾಗಿ ಬರೆಯುವುದಿಲ್ಲ! ಕಂಪ್ಯೂಟರ್ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಂಥ ಕಡೆ ಇಂಥ ಹೆಸರು ಹುಡುಕಿದರೆ, ಲೇಖನವಾಗದ ಕೆಲಸ, ವಿದ್ಯಾರ್ಥಿಗಳ ಅಭ್ಯಾಸವೂ ಸಿಗುತ್ತದೆ.

ಸಿಕ್ಕಿದ್ದನ್ನು ಓದಿ, ವಿಂಗಡಿಸಿ. ಪೀಠಿಕೆಯಲ್ಲಿ ಹೆಸರು ಹೇಳಿ ಮುಂದೆ ಹೋದದ್ದು ಬೇರೆ, ಡೇಟಾವನ್ನೇ ವಿಶ್ಲೇಷಿಸಿದ್ದು ಬೇರೆ. ನಿಮ್ಮದೇ ತಂಡದ ಲೇಖನಗಳನ್ನು ಪ್ರತ್ಯೇಕ ಇಡಿ. ನೀವು ಕೇಳದ ಪ್ರಶ್ನೆಗೆ ಯಾರೋ ಅದೇ ಡೇಟಾದಲ್ಲಿ ಉತ್ತರ ಹುಡುಕಿದ್ದರೆ, ನನ್ನ ಮಟ್ಟಿಗೆ ಅಂಥದ್ದು ಒಂದೇ ಇದ್ದರೂ ನೂರು ಡೌನ್‌ಲೋಡ್‌ಗಿಂತ ಮೇಲು.

ಆಮೇಲೆ ಸರ್ಕಾರಿ ವರದಿ, ಸಂಸದೀಯ ಚರ್ಚೆ, ಸುದ್ದಿ, ಪಠ್ಯಕ್ರಮ. ‘ನಮ್ಮ ಡೇಟಾದಿಂದಲೇ ಕಾನೂನು ಬದಲಾಯಿತು’ ಎನ್ನಬೇಡಿ. ಯಾವ ವರದಿ, ಯಾವ ಪುಟ, ಯಾವ ವಾದಕ್ಕೆ ಬಳಸಿದರು ಎಂದು ಬರೆದರೆ ಸಾಕು. ಜನರ ಮನಸ್ಸು ಬದಲಾಗಲು ಕಾರಣ ನೂರೆಂಟು.

ತಪ್ಪು ಬಳಕೆಯನ್ನೂ ಬಿಡದೆ ದಾಖಲಿಸಿ. 0ರಿಂದ 10ರ ಅಳತೆಯಲ್ಲಿ 5 ನಡುವಿನ ಅಂಕ. ಅದನ್ನು ಕೊಟ್ಟವರನ್ನೂ ವಿರೋಧಿಗಳ ಲೆಕ್ಕಕ್ಕೆ ಸೇರಿಸಿ ಸುದ್ದಿ ಮಾಡಿದ್ದರೆ ಅದೂ ಪರಿಣಾಮವೇ. ಅಂಥದ್ದು ಕಂಡರೆ, ಆ ಪ್ರಶ್ನೆಯನ್ನು ಓದಬೇಕಾದ ರೀತಿಯನ್ನು ಡೇಟಾ ಪುಟದಲ್ಲೇ ಎರಡು ಸಾಲಿನಲ್ಲಿ ಸೇರಿಸಿ.