ಭಾವನ ಕಾರು ಕೇಳಿ ಒಯ್ಯುವ ಮೊದಲು

ಕುಮಟಾ ಸ್ಟೇಷನ್ನಿಗೆ ಬೆಳಗಿನ ಟ್ರೇನಿಗೆ ನೆಂಟರು ಬರುತ್ತಾರೆ. ನಿಮ್ಮ ಕಾರು ಗ್ಯಾರೇಜಿನಲ್ಲಿ, ಭಾವನದು ಅಂಗಳದಲ್ಲಿ. ‘ನನ್ನ ಹೆಸರಲ್ಲಿ ಫುಲ್ ಇನ್ಶೂರೆನ್ಸ್ ಇದೆ, ಏನಾದ್ರೂ ಆದರೆ ಅದರಲ್ಲೇ ನೋಡಿಕೊಂಡರಾಯ್ತು’ ಎಂದು ಕೀ ತೆಗೆದುಕೊಳ್ಳುತ್ತೀರಿ. ಅದು ನಡೆಯುವುದಿಲ್ಲ. ಬ್ರಿಟನ್ನಿನ ಕೆಲವು ಪಾಲಿಸಿಗಳಲ್ಲಿ ಬೇರೆಯವರ ಕಾರು ಓಡಿಸಿದರೂ ಥರ್ಡ್ ಪಾರ್ಟಿ ರಕ್ಷಣೆ, ಅಂದರೆ ಎದುರಿನವರಿಗೆ ಆದ ನಷ್ಟಕ್ಕೆ ರಕ್ಷಣೆ, ಸಿಗುತ್ತದೆ. ನಮ್ಮಲ್ಲಿ ವಿಮೆ ಗಾಡಿಯ ಜೊತೆಗೆ ಹೋಗುತ್ತದೆ, ನಿಮ್ಮ ಜೊತೆಗಲ್ಲ. ಹಲವು ಗಾಡಿಗಳಿಗೆ ಒಂದೇ ವಿಮೆ ಎಂದು 2022ರಲ್ಲಿ ಬಂದ ಫ್ಲೋಟರ್ ಪಾಲಿಸಿಯೂ ನಿಮ್ಮ ಹೆಸರಿನ ಗಾಡಿಗಳಿಗಷ್ಟೇ.

ಹಾಗಾಗಿ ಮೊದಲು ಆ ಕಾರಿನ ವಿಮೆ ಯಾವಾಗ ಮುಗಿಯುತ್ತದೆ ನೋಡಿ. ಕೆಎ-31 ಇರಲಿ, ಕೆಎ-30 ಇರಲಿ, ನಂಬರ್ ಹಾಕಿದರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲೇ ಕಾಣುತ್ತದೆ. ಮುಗಿದಿದ್ದರೆ ದಂಡ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ಆಮೇಲೆ ಪಾಲಿಸಿ ಯಾವ ಬಗೆಯದು ಕೇಳಿ. ಬರೀ ಥರ್ಡ್ ಪಾರ್ಟಿ ಆದರೆ ಎದುರಿನವರ ನಷ್ಟಕ್ಕೆ ಮಾತ್ರ. ಭಾವನ ಬಂಪರಿನ ಖರ್ಚು ನಿಮ್ಮ ಜೇಬಿಂದ. ಪ್ಯಾಕೇಜ್ ಪಾಲಿಸಿ (ಫುಲ್ ಇನ್ಶೂರೆನ್ಸ್ ಅನ್ನುವುದು ಇದಕ್ಕೇ) ಇದ್ದು, ಅವರು ಒಪ್ಪಿ ಕೊಟ್ಟಿದ್ದು, ನಿಮ್ಮ ಡಿಎಲ್ ಚಾಲ್ತಿಯಲ್ಲಿದ್ದರೆ ಗಾಡಿಯ ನಷ್ಟಕ್ಕೂ ಕ್ಲೇಮ್ ಮಾಡಬಹುದು.

ಆದರೆ ಕ್ಲೇಮ್ ಸಿಕ್ಕಿತು ಅಂದರೆ ಮುಗಿಯಿತು ಅಂತಲ್ಲ. ಒಂದು ಮಳೆಗಾಲ ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸಿಗೆ ಜಾಗ ಬಿಡಲು ಹೋಗಿ ಎಡಗಡೆಯ ಎರಡೂ ಬಾಗಿಲನ್ನು ಕಲ್ಲಿಗೆ ಉಜ್ಜಿಸಿದ್ದೆ. ರಿಪೇರಿಯಾಯಿತು. ಮರುವರ್ಷ ಭಾವನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ಶೇ 50ರಿಂದ ಸೊನ್ನೆಗಿಳಿಯಿತು. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಕೂಡಿಸಿದ್ದು! ಭಾವ ಏನೂ ಅನ್ನಲಿಲ್ಲ, ಅಕ್ಕ ಅಂದಳು. ಸಣ್ಣಪುಟ್ಟ ಗೀರಾದರೆ ಗ್ಯಾರೇಜಿನಲ್ಲಿ ಎಸ್ಟಿಮೇಟ್ ಮಾಡಿಸಿ, ಬೋನಸ್ ಲೆಕ್ಕದ ಜೊತೆ ತೂಗಿ ನೋಡಿ. ಎಷ್ಟೋ ಸಲ ಕೈಯಿಂದ ಕೊಡುವುದೇ ಅಗ್ಗ.

ಜಾಸ್ತಿ ಜನ ಮರೆಯುವುದು ತಮ್ಮ ಮೈಯನ್ನೇ. ಪಾಲಿಸಿಯಲ್ಲಿರುವ 15 ಲಕ್ಷದ ಅಪಘಾತ ವಿಮೆ ಮಾಲೀಕ-ಚಾಲಕರಿಗೆ ಮಾತ್ರ. ಭಾವನ ಕಾರಿನಲ್ಲಿ ನೀವು ಮಾಲೀಕರಲ್ಲ, ನಿಮ್ಮ ಕಾರಿನ ವಿಮೆ ಅಲ್ಲಿಗೆ ಬರುವುದಿಲ್ಲ. ಎರವಲು ಬೈಕ್ ಓಡಿಸುವವರು ಮಾಲೀಕರ ಜಾಗದಲ್ಲಿ ನಿಂತಂತೆ, ಆ ಬೈಕಿನ ವಿಮಾ ಕಂಪನಿಯಿಂದ ಥರ್ಡ್ ಪಾರ್ಟಿ ಎಂದು ಪರಿಹಾರ ಕೇಳುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರಿನ ಗಾಡಿಯ ತಪ್ಪಿದ್ದರೆ ಅದರ ವಿಮೆಯಿಂದ ಕೇಳಬಹುದು. ತಪ್ಪು ನಿಮ್ಮದೇ ಆದರೆ? ಪದೇಪದೇ ಇನ್ನೊಬ್ಬರ ಗಾಡಿ ಹತ್ತುವವರು ಪ್ರತ್ಯೇಕವಾಗಿ ವೈಯಕ್ತಿಕ ಅಪಘಾತ ವಿಮೆ ಮಾಡಿಸಿಕೊಳ್ಳಿ.

ಕಾರವಾರದವರಿಗೆ ಇನ್ನೊಂದು ಮಾತು. ಮಾಜಾಳಿ ದಾಟಿ ಗೋವಾದಲ್ಲಿ ಬಾಡಿಗೆಗೆ ಕಾರು ಹಿಡಿಯುವಾಗ ಬೋರ್ಡ್ ನೋಡಿ. ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಕಾರನ್ನು ಕಡಿಮೆ ದುಡ್ಡಿಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಸ್ವಂತ ಬಳಕೆಯ ಪಾಲಿಸಿ ಬಾಡಿಗೆಗೆ ಓಡಿಸಿದರೆ ಅನ್ವಯಿಸುವುದಿಲ್ಲ.