ಕಸಿ ಮೂಳೆ ಗಟ್ಟಿಯಾಗಿ ಕಚ್ಚಿಕೊಳ್ಳಲು ಏನೇನು ಮಾಡಬೇಕು?

‘ಮೂಳೆ ಸವೆದಿದೆ, ಸ್ವಲ್ಪ ಕಸಿ ಹಾಕಿ ಕೂರಿಸಬೇಕಾಗುತ್ತೆ.’ ಮೂಳೆ ಡಾಕ್ಟರು ಹೀಗೆಂದರೆ ಮನೆಯವರು ಮೊದಲು ಕೇಳುವುದು ಖರ್ಚೆಷ್ಟು ಅಂತ. ಆಮೇಲೆ, ಎಷ್ಟು ದಿನ ಮಲಗಬೇಕು ಅಂತ. ಕಸಿ ಅಂದರೆ ಸವೆದ ಜಾಗ ತುಂಬಲು ಹಾಕುವ ಮೂಳೆ ಇಲ್ಲವೇ ಅದರಂಥ ಚೂರು. ಹಾಕಿದ ಕಸಿ ಕಚ್ಚಿಕೊಳ್ಳಲು ಯಾರು ಏನು ಮಾಡಬೇಕು ಅನ್ನುವ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ.

ಹಾಸನ ಜಿಲ್ಲೆಯಲ್ಲಿ ಇದು ಅಪರೂಪದ ಮಾತಲ್ಲ. ಅರಸೀಕೆರೆ ಕಡೆ ತೆಂಗಿನ ಮರದಿಂದ, ಸಕಲೇಶಪುರದ ಕಡೆ ಮೆಣಸು ಕೊಯ್ಯುವ ಏಣಿಯಿಂದ ಬಿದ್ದವರಿದ್ದಾರೆ. ಎಷ್ಟೋ ವರ್ಷದ ಹಿಂದೆ ಚಪ್ಪೆ ಕೀಲು, ಅಂದರೆ ಸೊಂಟಕ್ಕೆ ತೊಡೆ ಸೇರುವ ಕೀಲು, ಬದಲಿಸಿಕೊಂಡು, ಈಗ ಅದು ಸಡಿಲವಾಗಿ ಒದ್ದಾಡುವವರೂ ಇದ್ದಾರೆ. ಪ್ಲೇಟು, ರಾಡು, ಕೃತಕ ಕೀಲು ಯಾವುದೇ ಇರಲಿ, ಸ್ಕ್ರೂ ಕೊಡುವ ಹಿಡಿತ ಸದ್ಯಕ್ಕೆ ಮಾತ್ರ. ಕೊನೆಗೆ ಲೋಹವನ್ನು ಹಿಡಿದು ನಿಲ್ಲಿಸುವುದು ಬದುಕಿರುವ ಮೂಳೆ. ಲೋಹ ಕೂರಿಸಲು ಬಳಸುವ ಮೂಳೆ ಸಿಮೆಂಟ್ ಹಾಕಿದರೂ ಅಷ್ಟೇ, ಸಿಮೆಂಟನ್ನು ಹಿಡಿಯಲಿಕ್ಕೂ ಮೂಳೆ ಬೇಕಲ್ವಾ?

ಮೊದಲು: ಯಾವ ಕಸಿ ಅಂತ ಕೇಳಿ

ಕಸಿ ಮೂರು ಕಡೆಯಿಂದ ಬರುತ್ತದೆ. ನಿಮ್ಮದೇ ಮೂಳೆ, ಬೋನ್ ಬ್ಯಾಂಕಿನ ಮೂಳೆ, ಕಾರ್ಖಾನೆಯಲ್ಲಿ ಮಾಡಿದ ಕಾಳು.

ನಿಮ್ಮದನ್ನು ಸಾಮಾನ್ಯವಾಗಿ ಸೊಂಟದ ಪಕ್ಕದ ಮೂಳೆಯ ಅಂಚಿನಿಂದ ತೆಗೆಯುತ್ತಾರೆ. ಇದರಲ್ಲಿ ಜೀವಕೋಶ ಇರುತ್ತದೆ, ಮೂಳೆ ಬೆಳೆಸುವ ಪ್ರೋಟೀನ್ ಇರುತ್ತದೆ, ಹೊಸ ಮೂಳೆ ಹಬ್ಬಲು ಹಂದರವೂ ಇರುತ್ತದೆ. ಆದರೆ ಇನ್ನೊಂದು ಗಾಯ ಆಗುತ್ತದೆ, ಕೆಲವರಿಗೆ ಅಲ್ಲಿನ ನೋವೇ ತಿಂಗಳುಗಟ್ಟಲೆ ಕಾಡುತ್ತದೆ. ಸಿಗುವ ಮೂಳೆಗೂ ಮಿತಿಯಿದೆ. ಮೊದಲ ಸಲ ಚಪ್ಪೆ ಬದಲಿಸುವಾಗ ತೆಗೆದ ತೊಡೆಮೂಳೆಯ ತಲೆಯನ್ನೇ ಪುಡಿ ಮಾಡಿ ಬಳಸಬಹುದು. ಅದಕ್ಕೆ ಬೇರೆ ಗಾಯ ಬೇಡ.

ಬ್ಯಾಂಕಿನ ಮೂಳೆ ದಾನಿಗಳಿಂದ ಬಂದದ್ದು. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿ, ಸುಮಾರು ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ, ಇಲ್ಲವೇ ಒಣಗಿಸಿ ಗಾಮಾ ಕಿರಣ ಹಾಯಿಸುತ್ತಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಈ ಕೆಲಸ ಮಾಡುತ್ತಿದೆ. ಇದರಲ್ಲಿ ಜೀವಕೋಶ ಉಳಿದಿರುವುದಿಲ್ಲ. ಮುಖ್ಯವಾಗಿ ಇದೊಂದು ಹಂದರ. ಕಾರ್ಖಾನೆಯ ಕ್ಯಾಲ್ಸಿಯಂ ಫಾಸ್ಫೇಟ್ ಕಾಳುಗಳೂ ಹಂದರವೇ.

ಇನ್ನು ಮೂಳೆ ಬೆಳೆಸುವ ಪ್ರೋಟೀನ್. 1965ರಲ್ಲಿ ಅಮೆರಿಕದ ಮೂಳೆ ಡಾಕ್ಟರು ಮಾರ್ಷಲ್ ಯೂರಿಸ್ಟ್ ತೋರಿಸಿಕೊಟ್ಟ ದಾರಿಯಲ್ಲಿ ಬಂದದ್ದು. ಕೆಲವು ಕಡೆ ಉಪಯೋಗವಿದೆ, ಬೆಲೆ ಜಾಸ್ತಿ, ಎಲ್ಲರಿಗೂ ಬೇಕಿಲ್ಲ. ದುಬಾರಿ ಅಂದ ಕೂಡಲೇ ತಲೆ ಆಡಿಸಬೇಡಿ. ‘ನನ್ನ ಕೇಸಿಗೆ ಯಾಕೆ ಬೇಕು?’ ಅಂತ ಕೇಳಿ.

ಆಪರೇಷನ್‌ಗೆ ಮುಂಚೆ

ಕಸಿಯೊಳಗೆ ರಕ್ತನಾಳ ಹೊಕ್ಕರೆ ಮಾತ್ರ ಅದು ಜೀವ ಹಿಡಿಯುತ್ತದೆ. ನಿಕೋಟಿನ್ ಆ ನಾಳಗಳನ್ನೇ ಬಿಗಿಯುತ್ತದೆ. ಹಾಗಾಗಿ ಕನಿಷ್ಠ ನಾಲ್ಕು ವಾರ ಮುಂಚೆಯೇ ಬೀಡಿ, ಸಿಗರೇಟು ಬಿಡಬೇಕು. ಎಲೆಯಡಿಕೆ ಜೊತೆ ಹಾಕುವ ಕಡ್ಡಿಪುಡಿ, ಹೊಗೆಸೊಪ್ಪಿಗೂ ಇದೇ ಮಾತು. ‘ನಾನೇನು ಸೇದಲ್ಲ’ ಎನ್ನುವ ಅಜ್ಜಿಯರ ಸಂಚಿಯಲ್ಲೇ ಅದು ಇರುತ್ತದೆ! ಡಾಕ್ಟರಿಗೆ ಮುಚ್ಚಿಡಬೇಡಿ.

ಶುಗರ್ ಇದ್ದವರು ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್) ಪರೀಕ್ಷೆ ಮಾಡಿಸಿ. ಅದು 8ರೊಳಗೆ ಇರಲಿ ಅಂತ ಹಲವು ಸರ್ಜನ್‌ಗಳು ಬಯಸುತ್ತಾರೆ. ವಿಟಮಿನ್ ಡಿ ಕಡಿಮೆಯಿದ್ದರೆ ಈಗಲೇ ತುಂಬಿಸಿಕೊಳ್ಳಿ. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಉರಿ ಇದ್ದರೆ ವಾಸಿ ಮಾಡಿಕೊಂಡೇ ಹೋಗಿ. ಸೋಂಕು ತಗುಲಿದರೆ ಕಸಿಯೂ ಹೋಗುತ್ತದೆ, ಲೋಹವೂ ಹೋಗುತ್ತದೆ.

ಥಿಯೇಟರಿನೊಳಗೆ ಏನಾಗುತ್ತದೆ

ಇಲ್ಲಿ ನಿಮ್ಮ ಕೆಲಸವೇನೂ ಇಲ್ಲ. ಆದರೂ ತಿಳಿದಿರಲಿ, ಮುಂದಿನ ಪಥ್ಯಕ್ಕೆ ಕಾರಣ ಇಲ್ಲೇ ಇದೆ.

ಸಡಿಲವಾದ ಚಪ್ಪೆಯನ್ನೇ ತೆಗೆದುಕೊಳ್ಳಿ. ತೊಡೆಮೂಳೆಯ ತಲೆ ಕೂರುವ ಹಳೆಯ ಕೃತಕ ಬಟ್ಟಲು ತೆಗೆದ ಮೇಲೆ ಅದರ ಹಿಂದೆ ಬೆಳೆದ ನಾರಿನಂಥ ಪೊರೆಯನ್ನು ಪೂರ್ತಿ ಕೆರೆಯುತ್ತಾರೆ. ಅಡಿಯ ಮೂಳೆ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಸಣ್ಣ ಡ್ರಿಲ್ಲಿನಿಂದ ತೂತು ಮಾಡಿ ರಕ್ತ ಜಿನುಗುವಂತೆ ಮಾಡುತ್ತಾರೆ. ಗೋಡೆ ಒಡೆದಿದ್ದರೆ ಲೋಹದ ಜಾಲರಿ ಕೂರಿಸುತ್ತಾರೆ. ಆಮೇಲೆ ಮೂಳೆ ಚೂರು. ಬಟ್ಟಲಿನ ಜಾಗಕ್ಕೆ 7ರಿಂದ 10 ಮಿ.ಮೀ. ಗಾತ್ರದ ಚೂರು ಬೇಕು. ತೀರಾ ನುಣ್ಣಗಿದ್ದರೆ ಜಾರುತ್ತದೆ, ನಿಲ್ಲುವುದಿಲ್ಲ. ಚೂರುಗಳನ್ನು ಸಲೈನ್ ನೀರಿನ ರಭಸದಲ್ಲಿ ಚೆನ್ನಾಗಿ ತೊಳೆಯುವುದು ಈ ವಿಧಾನದಲ್ಲಿ ಆದ ದೊಡ್ಡ ಸುಧಾರಣೆ. ಕೊಬ್ಬು, ಮಜ್ಜೆ ಹೋದರೆ ಚೂರಿಗೆ ಚೂರು ಕಚ್ಚುತ್ತದೆ.

ತೊಳೆದದ್ದನ್ನು ಪದರ ಪದರವಾಗಿ ಹಾಕಿ, ಅರ್ಧಗೋಳದಂಥ ಲೋಹದ ಉಪಕರಣ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ತೋಟದ ಬೇಲಿಗೆ ಕಲ್ಲುಕಂಬ ನೆಡುವಾಗ ಸುತ್ತ ಜಲ್ಲಿ ಮಣ್ಣು ಹಾಕಿ ಹಾರೆಯಿಂದ ಗುದ್ದುತ್ತಾರಲ್ಲ, ಅದೇ ಕೆಲಸ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ಸ್ಲೂಫ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ವಿಧಾನ ಇದು. ಗುದ್ದಿದ ಪದರದ ಮೇಲೆ ಸಿಮೆಂಟ್ ಒತ್ತಿ ಹೊಸ ಬಟ್ಟಲು ಕೂರಿಸುತ್ತಾರೆ.

ಸಿಮೆಂಟ್ ಇಲ್ಲದ ಲೋಹವೂ ಇದೆ. ಟೈಟಾನಿಯಂಗೆ ಮೂಳೆ ನೇರವಾಗಿ ಅಂಟಿಕೊಳ್ಳುತ್ತದೆ ಅಂತ ಸ್ವೀಡನ್ನಿನ ಬ್ರಾನೆಮಾರ್ಕ್ 1952ರಲ್ಲಿ ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡರು. ಇದಕ್ಕೊಂದು ಷರತ್ತಿದೆ. ಲೋಹ ಅಲುಗಾಡಬಾರದು. ಅಲುಗಾಟ ಸುಮಾರು 0.15 ಮಿ.ಮೀ. ದಾಟಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ನಾರಿನ ಹಿಡಿತ ಹಿಡಿತವೇ ಅಲ್ಲ.

ಮನೆಗೆ ಬಂದ ಮೇಲೆ

ನನ್ನ ಕೇಳಿದರೆ ಕಸಿ ಕೈಕೊಡುವ ಅಪಾಯ ಹೆಚ್ಚಿರುವುದು ಮನೆಯಲ್ಲೇ. ಕಾಲಿನ ಮೇಲೆ ಎಷ್ಟು ಭಾರ ಹಾಕಬೇಕು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕೆಲವರಿಗೆ ಮರುದಿನವೇ ಪೂರ್ತಿ ಭಾರ, ಕೆಲವರಿಗೆ ವಾರಗಟ್ಟಲೆ ಕಾಲ್ಬೆರಳ ತುದಿ ನೆಲಕ್ಕೆ ತಾಗಿಸುವುದು ಮಾತ್ರ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗಲ್ಲ.

‘20 ಕಿಲೋ ಭಾರ ಹಾಕಿ’ ಅಂದರೆ ಹೇಗೆ ಗೊತ್ತಾಗಬೇಕು? ನಿಂತು ತೂಕ ನೋಡುವ ಯಂತ್ರ ತನ್ನಿ. ಅದರ ಪಕ್ಕ ಅಷ್ಟೇ ಎತ್ತರದ ಹಲಗೆ ಇಡಿ. ವಾಕರ್ ಹಿಡಿದು, ಒಳ್ಳೆ ಕಾಲು ಹಲಗೆ ಮೇಲೆ, ಆಪರೇಷನ್ ಆದ ಕಾಲು ಯಂತ್ರದ ಮೇಲೆ. ಮುಳ್ಳು 20ಕ್ಕೆ ಬರುವವರೆಗೆ ಮೆಲ್ಲಗೆ ಒತ್ತಿ. ಬಿಡಿ, ಮತ್ತೆ ಒತ್ತಿ. ಮುಳ್ಳು ನೋಡದೆ ಒತ್ತಿ, ಆಮೇಲೆ ಮುಳ್ಳು ನೋಡಿ. ಕೆಲವೇ ದಿನದಲ್ಲಿ ಕಾಲಿಗೇ ಅಂದಾಜು ಸಿಗುತ್ತದೆ. ಮೊದಲ ಸಲ ಫಿಸಿಯೋ ಎದುರಲ್ಲೇ ಮಾಡಿ.

ಹಾಗಂತ ಸುಮ್ನೆ ಮಲಗಿಬಿಡುವುದೂ ತಪ್ಪು. ಹೇಳಿದಷ್ಟು ಭಾರ ಬಿದ್ದರೇನೇ ಮೂಳೆ ಗಟ್ಟಿಯಾಗುವುದು.

ಸಕಲೇಶಪುರ, ಆಲೂರು ಕಡೆ ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಅರ್ಜೆಂಟ್ ಇಲ್ಲದ ಆಪರೇಷನ್ ಆದರೆ ಆಷಾಢ ಕಳೆಯಲಿ ಅನ್ನಬಹುದೇ ಅಂತ ಡಾಕ್ಟರನ್ನೇ ಕೇಳಿ. ಕಮೋಡ್ ಕುರ್ಚಿ ಮೊದಲೇ ತಂದಿಡಿ. ಚಪ್ಪೆ ಆಪರೇಷನ್ ಆದವರು ಕುಕ್ಕರಗಾಲಲ್ಲಿ ಕೂರಬಾರದು. ಎಣ್ಣೆ ಹಚ್ಚಿ ಕಾಲು ಎಳೆದು ನೀವುವವರನ್ನು ಹತ್ತಿರ ಬಿಡಬೇಡಿ. ಮೆಡಿಕಲ್ ಸ್ಟೋರಿನಿಂದ ನೀವೇ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗಬೇಡಿ. ಅವುಗಳಲ್ಲಿ ಕೆಲವು ಮೂಳೆ ಕೂಡುವುದನ್ನು ನಿಧಾನ ಮಾಡಬಹುದು.

ಊಟದ ವಿಷಯದಲ್ಲಿ ಹಾಸನದವರಿಗೆ ಚಿಂತೆ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000. ಮುದ್ದೆ ಜೊತೆ ಮೊಸರು, ಸೊಪ್ಪು, ಹುರುಳಿ ಇಲ್ಲವೇ ಅವರೆಕಾಳು, ತಿನ್ನುವವರಿಗೆ ಮೊಟ್ಟೆ.

ಎಕ್ಸ್‌ರೇ ಮತ್ತು ಫೈಲು

ಕಸಿ ನಿಮ್ಮ ಮೂಳೆಯಾಗಿ ಬದಲಾಗಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ ದಾಟುತ್ತದೆ. ಹೇಳಿದ ದಿನ ತಪ್ಪದೆ ಎಕ್ಸ್‌ರೇ ತೆಗೆಸಿ, ಆಪರೇಷನ್ ಆದ ಕೂಡಲೇ ತೆಗೆದ ಮೊದಲ ಫಿಲ್ಮನ್ನೂ ಜೊತೆಗೆ ಒಯ್ಯಿರಿ. ಲೋಹದ ಸುತ್ತ ಕಪ್ಪು ಗೆರೆ ಅಗಲವಾಗುತ್ತಿದೆಯೇ, ಬಟ್ಟಲು ಜರುಗಿದೆಯೇ ಅನ್ನುವುದು ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ. ಕೂತು ಎದ್ದ ಮೊದಲ ಹೆಜ್ಜೆಗಳಲ್ಲಿ ತೊಡೆ ಹಿಡಿದಂತೆ ನೋವು, ಗಾಯದಿಂದ ನೀರು, ಚಳಿಜ್ವರ ಬಂದರೆ ಮುಂದಿನ ತಾರೀಕಿಗೆ ಕಾಯಬೇಡಿ.

ಆಪರೇಷನ್ ದಿನ ಇಂಪ್ಲಾಂಟ್ ಡಬ್ಬಿಯ ಸ್ಟಿಕರ್‌ಗಳನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಕಂಪನಿ, ಅಳತೆ, ಬ್ಯಾಚ್ ನಂಬರು ಅದರಲ್ಲಿರುತ್ತದೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್ ಆಗಲಿ, ಖಾಸಗಿ ಆಸ್ಪತ್ರೆಯಾಗಲಿ, ಆ ಹಾಳೆಯ ಜೆರಾಕ್ಸ್ ಕೇಳಿ ಪಡೆದು ಫೈಲಿನಲ್ಲಿಡಿ. ಹತ್ತು ವರ್ಷದ ಮೇಲೆ ಬೇರೆ ಊರಿನ ಡಾಕ್ಟರು ಅದನ್ನು ಬಿಚ್ಚಬೇಕಾಗಿ ಬಂದರೆ, ಯಾವ ಸ್ಕ್ರೂಡ್ರೈವರ್ ತರಿಸಬೇಕು ಅನ್ನುವುದು ಅವರಿಗೆ ಆ ಹಾಳೆ ನೋಡಿದರೆ ತಿಳಿಯುತ್ತದೆ.